ಕಡಲೂರಿನ ನಡವಳಿ ಪುಸ್ತಕ

ಕಡಲ ದಂಡೆಯ ಊರು ಎಂದೊಡನೆ ಯಾರ ಮನಸ್ಸಿಗಾದರೂ ಮೊದಲು ಬರುವುದು ಅಲೆ, ಮರಳು, ಸಂಜೆಯ ಸೂರ್ಯ. ಆ ಊರಿಗೊಂದು ನಗರಸಭೆಯೋ ಪುರಸಭೆಯೋ ಇದೆ, ಅದರ ಕಚೇರಿಯಲ್ಲಿ ನಡವಳಿ ಪುಸ್ತಕವೆಂಬುದೊಂದಿದೆ ಎನ್ನುವುದು ನೆನಪಾಗುವುದು ಬಹಳ ತಡವಾಗಿ. ನಲ್ಲಿಯಲ್ಲಿ ನೀರು ಬಾರದ ದಿನ, ಇಲ್ಲವೆ ಮನೆಯ ಮುಂದಿನ ಗಟಾರ ಕಟ್ಟಿಕೊಂಡ ದಿನ. ಊರಿನ ನಿಜವಾದ ಚರಿತ್ರೆ ಮಾತ್ರ ಆ ಪುಸ್ತಕದಲ್ಲೇ ಇರುತ್ತದೆ. ಯಾವ ಓಣಿಗೆ ದೀಪ ಬಂತು, ಯಾವ ಬಾವಿಯನ್ನು ಮುಚ್ಚಲಾಯಿತು, ಮೀನುಪೇಟೆಯ ಸುಂಕ ಎತ್ತುವ ಹಕ್ಕು ಯಾರಿಗೆ ಹೋಯಿತು, ಯಾರ ಮನೆಯ ಗೋಡೆ ರಸ್ತೆಯೊಳಗೆ ಎರಡು ಅಡಿ ಬಂತು ಎಂಬ ಸಣ್ಣ ಸಣ್ಣ ಸಂಗತಿಗಳ ಮೊತ್ತವೇ ಊರು.

ಬೆಳಗಿನ ಐದು ಗಂಟೆಗೆ ಇಂಥ ಊರೊಂದರ ಕಡಲತೀರದಲ್ಲಿ ನಿಂತು ನೋಡಬೇಕು. ಹಿಂದಿನ ಸಂಜೆಯ ಜನಜಂಗುಳಿ ಬಿಟ್ಟುಹೋದ ಎಳನೀರು ಬುರುಡೆ, ಚುರುಮುರಿಯ ಕಾಗದ, ನೀರಿನ ಬಾಟಲಿ ಎಲ್ಲವೂ ಹರಡಿಕೊಂಡಿರುತ್ತವೆ. ಕತ್ತಲೆ ಹರಿಯುವ ಮೊದಲೇ ಪೌರಕಾರ್ಮಿಕರು ಬುಟ್ಟಿ, ಪೊರಕೆ, ತಳ್ಳುಗಾಡಿಗಳೊಂದಿಗೆ ಬರುತ್ತಾರೆ. ವಾಯುವಿಹಾರದವರು ಬರುವ ಹೊತ್ತಿಗೆ ತೀರ ಮತ್ತೆ ತನ್ನಷ್ಟಕ್ಕೆ ತಾನೇ ಶುಭ್ರವಾಗಿತ್ತೇನೋ ಎಂಬಂತೆ ಕಾಣುತ್ತದೆ. ಇಲ್ಲಿ ಒಂದು ಸರಳ ಪ್ರಶ್ನೆ ಏಳುತ್ತದೆ. ಈ ಮರಳು ಯಾರದು? ದಾಖಲೆಯ ಪ್ರಕಾರ ಅದು ಬಹುಪಾಲು ಸರ್ಕಾರದ ಜಮೀನು, ಕಂದಾಯ ಇಲಾಖೆಯದು. ಗುಡಿಸುವ ಕೆಲಸ ಮಾತ್ರ ನಗರಸಭೆಯದು. ಒಡೆತನ ಒಬ್ಬರದು, ಹೊಣೆ ಇನ್ನೊಬ್ಬರದು. ಕಡಲೂರಿನ ಸ್ಥಳೀಯ ಆಡಳಿತದ ಇಡೀ ಕಥೆ ಈ ಒಂದು ವಾಕ್ಯದೊಳಗೆ ಅಡಗಿದೆ ಎಂದರೆ ಅತಿಶಯೋಕ್ತಿಯಲ್ಲ.

ಉದಾಹರಣೆಗೆ ಕಾರವಾರವನ್ನೇ ನೋಡಬಹುದು. 1862ರಲ್ಲಿ ಕೆನರಾ ಜಿಲ್ಲೆಯ ಉತ್ತರ ಭಾಗವನ್ನು ಮದರಾಸು ಪ್ರಾಂತದಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಅದರ ಹಿಂದಿದ್ದುದು ಹತ್ತಿಯ ಲೆಕ್ಕಾಚಾರ. ಅಮೆರಿಕದ ಅಂತರ್ಯುದ್ಧದಿಂದಾಗಿ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿಯ ಬರ ಬಂದಿತ್ತು. ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಸಮುದ್ರ ಸೇರಲು ಒಂದು ಬಂದರು ಬೇಕಿತ್ತು. ಹಾಗೆ ಕಾಳಿ ನದಿಯ ಅಳಿವೆಯ ಪಕ್ಕದ ಕಾರವಾರ ಜಿಲ್ಲಾ ಕೇಂದ್ರವಾಯಿತು. ಕಲೆಕ್ಟರರ ಕಚೇರಿ ಬಂತು, ನ್ಯಾಯಾಲಯ ಬಂತು, ಅದೇ ದಶಕದಲ್ಲಿ ಪುರಸಭೆಯೂ ಬಂತು. ಹತ್ತಿಯ ಕನಸು ಮಾತ್ರ ಹೆಚ್ಚು ಕಾಲ ಉಳಿಯಲಿಲ್ಲ. 1880ರ ದಶಕದಲ್ಲಿ ರೈಲು ಗೋವೆಯ ಮರ್ಮಗೋವಾ ಬಂದರಿಗೆ ಹೋಯಿತು, ಕಾರವಾರಕ್ಕೆ ಬರಲಿಲ್ಲ. ಇಲ್ಲಿಗೆ ರೈಲು ಬಂದದ್ದು ನೂರಕ್ಕೂ ಹೆಚ್ಚು ವರ್ಷಗಳ ನಂತರ, ಕೊಂಕಣ ರೈಲ್ವೆಯ ರೂಪದಲ್ಲಿ.

ಬಂದರಿನ ಊರಾಗಬೇಕಿದ್ದದ್ದು ಹೀಗೆ ಕಚೇರಿಗಳ ಊರಾಯಿತು, ಆಮೇಲೆ ಕಡಲತೀರದ ಊರಾಯಿತು. ರವೀಂದ್ರನಾಥ ಠಾಕೂರರು 1883ರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ ಇಲ್ಲಿಗೆ ಬಂದದ್ದು ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರೆಂಬ ಕಾರಣಕ್ಕೆ. 'ಪ್ರಕೃತಿರ್ ಪ್ರತಿಶೋಧ್' ನಾಟಕವನ್ನು ಅವರು ಬರೆದದ್ದು ಈ ದಂಡೆಯ ವಾಸದಲ್ಲಿ. ಊರಿನ ಕಡಲತೀರಕ್ಕೆ ಇಂದು ಅವರದೇ ಹೆಸರು. ಒಬ್ಬ ಕವಿಯ ಬರವಿಗೂ ಒಂದು ಸರ್ಕಾರಿ ವರ್ಗಾವಣೆಯೇ ಕಾರಣವಾಯಿತೆಂಬುದು ಸ್ವಾರಸ್ಯದ ಸಂಗತಿ.

ಈ ಕರಾವಳಿಯ ಪುರಾಡಳಿತಕ್ಕೆ ಎರಡು ತವರುಗಳಿವೆ. ಉತ್ತರ ಕನ್ನಡದ ಊರುಗಳು ಮುಂಬಯಿ ಪ್ರಾಂತದ ಕಾನೂನುಗಳ ಕೆಳಗೆ ಬೆಳೆದವು. ದಕ್ಷಿಣ ಕನ್ನಡದ ಊರುಗಳು ಮದರಾಸು ಪ್ರಾಂತದ ಕಾನೂನುಗಳ ಕೆಳಗೆ ಬೆಳೆದವು. ಮಂಗಳೂರಿನ ಪುರಸಭೆ 1866ರಲ್ಲಿ ಹುಟ್ಟಿದ್ದು ಮದರಾಸಿನ 1865ರ ಪಟ್ಟಣ ಸುಧಾರಣಾ ಕಾಯಿದೆಯ ಮೇರೆಗೆ. ಅತ್ತ ಮುಂಬಯಿಯಲ್ಲಿ 1901ರ ಜಿಲ್ಲಾ ಪುರಸಭಾ ಕಾಯಿದೆ, ಇತ್ತ ಮದರಾಸಿನಲ್ಲಿ 1920ರ ಜಿಲ್ಲಾ ಪುರಸಭಾ ಕಾಯಿದೆ. ಒಂದೇ ಕಡಲು, ಒಂದೇ ಬಗೆಯ ಮಳೆ, ಒಂದೇ ಬಂಗಡೆ ಮೀನು, ಆದರೆ ಕಾನೂನಿನ ಪುಸ್ತಕ ಮಾತ್ರ ಬೇರೆ. 1956ರ ನವೆಂಬರ್ 1ರಂದು ಎರಡೂ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. 1964ರಲ್ಲಿ ಎಲ್ಲ ಪುರಸಭೆಗಳಿಗೂ ಒಂದೇ ಕಾಯಿದೆ ಬಂತು. ಅದೇ ಈಗಿನ ಕರ್ನಾಟಕ ಪುರಸಭೆಗಳ ಕಾಯಿದೆ. ಹಳೆಯ ಮುಂಬಯಿ ಪ್ರಾಂತದ ಗುರುತಾಗಿ ಕಾರವಾರ, ಕುಮಟಾ, ಅಂಕೋಲೆಯ ಕಡೆಯ ಹಿರಿಯರು ಇಂದಿಗೂ ಸಭೆಯ ನಿರ್ಣಯವನ್ನು 'ಠರಾವು' ಎನ್ನುತ್ತಾರೆ.

ಪುರಸಭೆಗಳು ಜನರ ಪ್ರೀತಿಯಿಂದ ಹುಟ್ಟಿದವಲ್ಲ ಎಂಬುದನ್ನೂ ಹೇಳಬೇಕು. ಮೊದಮೊದಲು ಅವು ಬ್ರಿಟಿಷ್ ಸರ್ಕಾರದ ಖರ್ಚನ್ನು ಊರಿನವರ ಮೇಲೆ ಹೊರಿಸುವ ಉಪಾಯಗಳೂ ಆಗಿದ್ದವು. ರಸ್ತೆ ಗುಡಿಸಬೇಕು, ದೀಪ ಹಚ್ಚಬೇಕು, ಕಾಲರಾ ತಡೆಯಬೇಕು; ಅದಕ್ಕೆ ಹಣ ಊರಿನಿಂದಲೇ ಎದ್ದು ಬರಬೇಕು. ಕಲೆಕ್ಟರರೇ ಅಧ್ಯಕ್ಷರು, ನಾಮಕರಣಗೊಂಡ ಗಣ್ಯರೇ ಸದಸ್ಯರು. 1882ರ ಮೇ ತಿಂಗಳಲ್ಲಿ ವೈಸರಾಯ್ ಲಾರ್ಡ್ ರಿಪ್ಪನ್ ಹೊರಡಿಸಿದ ನಿರ್ಣಯವು ಈ ಸಂಸ್ಥೆಗಳಲ್ಲಿ ಚುನಾಯಿತರ ಸಂಖ್ಯೆ ಹೆಚ್ಚಬೇಕೆಂದೂ, ಅವು ಜನರಿಗೆ ರಾಜಕೀಯ ಶಿಕ್ಷಣ ಕೊಡುವ ಶಾಲೆಗಳಾಗಬೇಕೆಂದೂ ಆಶಿಸಿತು. ಪಾಠ ನಿಧಾನವಾಗಿ ಸಾಗಿತು. ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದ ಮೇಲೆಯೇ ಐದು ವರ್ಷಕ್ಕೊಮ್ಮೆ ಚುನಾವಣೆ, ಮಹಿಳೆಯರಿಗೂ ಪರಿಶಿಷ್ಟರಿಗೂ ಮೀಸಲು ಸ್ಥಾನ, ಹನ್ನೆರಡನೆಯ ಅನುಸೂಚಿಯಲ್ಲಿ 18 ವಿಷಯಗಳು ಎಂಬ ಸಂವಿಧಾನದ ಭರವಸೆ ಊರಿನ ಸಭೆಗೆ ಸಿಕ್ಕಿತು.

ಈ ಸಭೆ ನಡೆಯುವುದು ಹೇಗೆ? ಕಾರವಾರ ನಗರಸಭೆಗೆ 31 ವಾರ್ಡುಗಳು, ಅಂದರೆ 31 ಚುನಾಯಿತ ಸದಸ್ಯರು. ಕುಮಟಾ, ಕುಂದಾಪುರದಂಥ ಪುರಸಭೆಗಳಿಗೆ 23. ಸಭೆಗೆ ಮೊದಲು ವಿಷಯಪಟ್ಟಿಯುಳ್ಳ ತಿಳುವಳಿಕೆ ಪತ್ರ ಸದಸ್ಯರ ಮನೆಗೆ ಹೋಗುತ್ತದೆ. ಸಭೆಯಲ್ಲಿ ಒಬ್ಬರು ಸೂಚಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ, ಗುಮಾಸ್ತರು ಬರೆದುಕೊಳ್ಳುತ್ತಾರೆ. ನಿರ್ಣಯವನ್ನು ಕಾರ್ಯಗತ ಮಾಡುವವರು ನಗರಸಭೆಯಲ್ಲಿ ಪೌರಾಯುಕ್ತರು, ಪುರಸಭೆಯಲ್ಲಿ ಮುಖ್ಯಾಧಿಕಾರಿಗಳು. ಅವರಿಬ್ಬರೂ ಸರ್ಕಾರ ಕಳುಹಿಸಿಕೊಟ್ಟ ಅಧಿಕಾರಿಗಳೇ ಹೊರತು ಊರು ಆರಿಸಿದವರಲ್ಲ. ಊರು ಆರಿಸಿದವರ ನಾಯಕರು ಅಧ್ಯಕ್ಷರು. ಈ ಎರಡು ಗಾಲಿಗಳು ಒಟ್ಟಿಗೆ ಉರುಳಿದರೆ ಮಾತ್ರ ಬಂಡಿ ಸಾಗುತ್ತದೆ.

ನಡವಳಿಯ ಪುಟಗಳಲ್ಲಿ ಬರುವ ವಿಷಯಗಳು ಮೇಲುನೋಟಕ್ಕೆ ನೀರಸ. ಕಾಯಿದೆ ಪುರಸಭೆಯ ಕೆಲಸಗಳನ್ನು ಕಡ್ಡಾಯ ಮತ್ತು ಐಚ್ಛಿಕ ಎಂದು ಎರಡು ಪಾಲು ಮಾಡಿದೆ. ಬೀದಿದೀಪ, ಕಸ, ಚರಂಡಿ, ಕುಡಿಯುವ ನೀರು, ಮಾರುಕಟ್ಟೆ, ಸ್ಮಶಾನ, ಅಪಾಯಕಾರಿ ಕಟ್ಟಡಗಳ ತೆರವು ಇವೆಲ್ಲ ಕಡ್ಡಾಯ. ಉದ್ಯಾನ, ವಾಚನಾಲಯ, ಸಭಾಭವನ ಐಚ್ಛಿಕ. ಕಡಲೂರಿನಲ್ಲಿ ಈ ಪಟ್ಟಿಗೆ ಬೇರೆ ಊರುಗಳಲ್ಲಿ ಕಾಣದ ಬಾಬುಗಳೂ ಸೇರುತ್ತವೆ. ಅಲೆ ತಂದು ದಡಕ್ಕೆ ಹಾಕಿದ ಗುರುತು ಸಿಗದ ಶವದ ಮಣ್ಣು, ಪೊಲೀಸರ ವಿಧಿವಿಧಾನ ಮುಗಿದ ಮೇಲೆ, ಅನೇಕ ವೇಳೆ ನಗರಸಭೆಯ ಸಿಬ್ಬಂದಿಯ ಪಾಲಿಗೇ ಬರುತ್ತದೆ. ಆ ಕೆಲಸಕ್ಕೆ ಯಾವ ಪ್ರವಾಸಿ ಕೈಪಿಡಿಯಲ್ಲೂ ಸ್ಥಳವಿಲ್ಲ.

ಇಂಥ ಊರಿನ ವರ್ಷ ಶುರುವಾಗುವುದು ಜನವರಿಯಲ್ಲಲ್ಲ; ಏಪ್ರಿಲ್-ಮೇ ತಿಂಗಳಲ್ಲಿ, ಗಟಾರದ ಹೂಳು ಎತ್ತುವ ಕೆಲಸದಿಂದ. ಜೂನ್ ಮೊದಲ ವಾರಕ್ಕೆ ಮಳೆ ಹಿಡಿದರೆ ಮೂರು-ನಾಲ್ಕು ತಿಂಗಳು ಬಿಡುವಿಲ್ಲ. ಘಟ್ಟದ ಮೇಲಿನ ಊರಿನಲ್ಲಿ ಚರಂಡಿ ಸ್ವಚ್ಛವಾಗಿದ್ದರೆ ನೀರು ಹರಿದುಹೋಗುತ್ತದೆ. ಕಡಲೂರಿನಲ್ಲಿ ಅದಷ್ಟೇ ಸಾಲದು. ದಿನಕ್ಕೆರಡು ಸಲ ಉಬ್ಬರ ಬರುತ್ತದೆ. ಉಬ್ಬರದ ಹೊತ್ತಿನಲ್ಲಿ ಸಮುದ್ರದ ಮಟ್ಟ ಚರಂಡಿಯ ಬಾಯಿಗಿಂತ ಮೇಲಿರುತ್ತದೆ. ಊರಿನ ನೀರು ಹೊರಗೆ ಹೋಗುವ ಬದಲು ಸಮುದ್ರದ ನೀರೇ ಒಳಗೆ ತಳ್ಳುತ್ತದೆ. ಅಮಾವಾಸ್ಯೆ-ಹುಣ್ಣಿಮೆಗಳ ದೊಡ್ಡ ಉಬ್ಬರದ ದಿನವೇ ದೊಡ್ಡ ಮಳೆಯೂ ಸುರಿದರೆ ತಗ್ಗಿನ ಓಣಿಗಳಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ. ಅಲೆಗಳು ಚರಂಡಿಯ ಬಾಯಿಗೆ ಮರಳಿನ ದಿಬ್ಬವನ್ನೂ ಕಟ್ಟುತ್ತವೆ. ಅದನ್ನು ಕಾಲಕಾಲಕ್ಕೆ ಕಡಿದು ಕೊಡಬೇಕು. ಹಾಗಾಗಿ ಇಲ್ಲಿನ ಅಭಿಯಂತರರ ಮೇಜಿನ ಮೇಲೆ ನಕ್ಷೆಯ ಜೊತೆಗೆ ಪಂಚಾಂಗವೂ ಇರಬೇಕಾಗುತ್ತದೆ.

ಮಳೆ ನಿಂತರೆ ಕಷ್ಟ ನಿಂತಿತೆಂದಲ್ಲ; ಅದು ಬೇರೆ ರೂಪ ತಾಳುತ್ತದೆ. ಮರಳು ನೆಲ ನೀರನ್ನು ಬೇಗ ಇಂಗಿಸಿಕೊಳ್ಳುತ್ತದೆ, ಅಷ್ಟೇ ಬೇಗ ಕೊಳೆಯನ್ನೂ ಇಂಗಿಸಿಕೊಳ್ಳುತ್ತದೆ. ಶೌಚಗುಂಡಿಯೂ ಕುಡಿಯುವ ನೀರಿನ ಬಾವಿಯೂ ಒಂದೇ ಹಿತ್ತಲಿನಲ್ಲಿದ್ದರೆ ಆಗುವ ಅಪಾಯವನ್ನು ವಿವರಿಸಬೇಕಾಗಿಲ್ಲ. ಬೇಸಿಗೆಯಲ್ಲಿ ಸಿಹಿನೀರನ್ನು ಮಿತಿಮೀರಿ ಎತ್ತಿದರೆ ಅದರ ಜಾಗಕ್ಕೆ ಉಪ್ಪುನೀರು ನುಗ್ಗುತ್ತದೆ. 1999ರಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ಆರಂಭವಾದ ನಗರಾಭಿವೃದ್ಧಿ ಮತ್ತು ಕರಾವಳಿ ಪರಿಸರ ನಿರ್ವಹಣಾ ಯೋಜನೆ ಹತ್ತು ಊರುಗಳನ್ನು ಆರಿಸಿಕೊಂಡದ್ದು ಈ ಹಿನ್ನೆಲೆಯಲ್ಲಿ. ಕಾರವಾರ, ಅಂಕೋಲಾ, ಭಟ್ಕಳ, ಕುಂದಾಪುರ, ಉಡುಪಿ, ಉಳ್ಳಾಲ, ಮಂಗಳೂರು ಅದರಲ್ಲಿದ್ದವು. ನೀರು, ಒಳಚರಂಡಿ, ಕಸ ವಿಲೇವಾರಿ ಅದರ ಮುಖ್ಯ ಕೆಲಸಗಳು. ಕೊಳವೆ ಹೂಳಲು ಸಾಲ ಸಿಗುತ್ತದೆ. ಅದನ್ನು ನಡೆಸುವ ವಿದ್ಯುತ್ತಿಗೆ, ದುರಸ್ತಿಗೆ, ಆಳಿಗೆ ಮಾತ್ರ ಊರೇ ಪ್ರತಿ ತಿಂಗಳೂ ಹಣ ಹುಡುಕಬೇಕು.

ಹಾಗಾದರೆ ಹಣ ಎಲ್ಲಿಂದ? ಹಿರಿಯರಾದ ಕೇಳುಗರಲ್ಲಿ ಕೆಲವರಿಗೆ ಆಕ್ಟ್ರಾಯ್ ನಾಕೆ ನೆನಪಿರಬಹುದು. ಊರಿನೊಳಗೆ ಬರುವ ಸರಕಿನ ಮೇಲೆ ಪುರಸಭೆ ಎತ್ತುತ್ತಿದ್ದ ಆ ಸುಂಕವನ್ನು ಕರ್ನಾಟಕದಲ್ಲಿ 1979ರಲ್ಲಿ ರದ್ದು ಮಾಡಲಾಯಿತು. ಲಾರಿಗಳ ಸಾಲು ತಪ್ಪಿತು, ಸಣ್ಣ ಭ್ರಷ್ಟಾಚಾರವೂ ಕಡಿಮೆಯಾಯಿತು. ಜೊತೆಗೆ ಊರಿನ ಕೈಯಲ್ಲಿದ್ದ ದಿನದಿನದ ಆದಾಯವೂ ಹೋಯಿತು. ಅದರ ಬದಲಿಗೆ ರಾಜ್ಯ ಸರ್ಕಾರ ಕೊಡುವ ಅನುದಾನಕ್ಕಾಗಿ ಕಾಯುವ ಅಭ್ಯಾಸ ಬಂತು. ಈಗ ಊರಿನ ಸ್ವಂತ ಆದಾಯವೆಂದರೆ ಆಸ್ತಿ ತೆರಿಗೆ, ನೀರಿನ ಶುಲ್ಕ, ಉದ್ದಿಮೆ ಪರವಾನಿಗೆ ಶುಲ್ಕ, ಮಳಿಗೆಗಳ ಬಾಡಿಗೆ, ಮಾರುಕಟ್ಟೆಯ ಲಿಲಾವು. ಆಸ್ತಿ ತೆರಿಗೆಯನ್ನು ಮಾಲೀಕರೇ ಲೆಕ್ಕಹಾಕಿ ಕಟ್ಟುವ ಪದ್ಧತಿ 2002ರಲ್ಲಿ ಬಂತು. ಆ ತೆರಿಗೆಯ ಜೊತೆಗೆ ಕಟ್ಟಿಸಿಕೊಳ್ಳುವ ಉಪಕರಗಳಲ್ಲಿ ಆರೋಗ್ಯದ ಹೆಸರಿನ ಶೇ 15, ಗ್ರಂಥಾಲಯದ ಶೇ 6, ಭಿಕ್ಷುಕರ ಪುನರ್ವಸತಿಯ ಶೇ 3 ಪಾಲು ನಗರಸಭೆ ವಸೂಲು ಮಾಡಿ ಬೇರೆಯವರಿಗೆ ಒಪ್ಪಿಸಬೇಕಾದ ಹಣ. ರಸೀದಿ ಹರಿಯುವವರು ಇವರು, ಬೈಸಿಕೊಳ್ಳುವವರೂ ಇವರು.

ಲೆಕ್ಕದ ಇನ್ನೊಂದು ತೊಡಕು ತಲೆಗಳ ಎಣಿಕೆಯದು. ಪೌರಕಾರ್ಮಿಕರ ಸ್ಥಿತಿಗತಿಯ ಬಗ್ಗೆ 1970ರ ದಶಕದಲ್ಲಿ ವರದಿ ಕೊಟ್ಟ ಐ.ಪಿ.ಡಿ. ಸಾಲಪ್ಪ ಸಮಿತಿಯ ಹೆಸರಿನಲ್ಲಿ, 700 ಜನರಿಗೆ ಒಬ್ಬ ಪೌರಕಾರ್ಮಿಕ ಎಂಬ ಪ್ರಮಾಣ ರೂಢಿಗೆ ಬಂದಿದೆ. ಆ 700 ಜನ ಯಾರು? ಜನಗಣತಿಯಲ್ಲಿ ಎಣಿಸಲ್ಪಟ್ಟ ಊರಿನ ನಿವಾಸಿಗಳು. ಡಿಸೆಂಬರಿನ ರಜೆಯಲ್ಲಿ ಬಸ್ಸುಗಳಲ್ಲಿ ಬಂದಿಳಿದು, ತಿಂದು, ಮಿಂದು, ಎಸೆದು ಹೋಗುವ ಸಾವಿರಾರು ಮಂದಿ ಯಾವ ಎಣಿಕೆಯಲ್ಲೂ ಇಲ್ಲ. ಅನುದಾನಗಳ ಹಂಚಿಕೆಗೂ ಜನಸಂಖ್ಯೆಯೇ ಒಂದು ಮುಖ್ಯ ಆಧಾರ. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಆ ವರ್ಷ ನಡೆಯದ ಕಾರಣ, ದಶಕ ಕಳೆದ ಮೇಲೂ 2011ರ ಅಂಕಿಗಳೇ ಆಧಾರವಾಗಿ ಉಳಿದವು. ಅತಿಥಿಗಳ ಕಸ ಎತ್ತುವ ಭಾರ ಊರಿನ ಬೆನ್ನಿಗೆ ಬಿದ್ದರೆ, ಅದರಲ್ಲೂ ಬೆಳಗಿನ ಐದು ಗಂಟೆಗೆ ಎದ್ದು ಬರುವವರ ಬೆನ್ನಿಗೆ ಬಿದ್ದರೆ, ಅದರ ಕಾರಣ ಈ ಲೆಕ್ಕದಲ್ಲಿದೆ.

ಮೀನುಪೇಟೆಯ ಮಾತು ಬಾರದೆ ಕಡಲೂರಿನ ಸಭೆ ಮುಗಿಯುವುದೇ ಇಲ್ಲ. ದೋಣಿ, ಬಲೆ, ಬಂದರು ಮೀನುಗಾರಿಕೆ ಮತ್ತು ಬಂದರು ಇಲಾಖೆಗಳಿಗೆ ಸೇರಿದ್ದು. ಮೀನು ಬುಟ್ಟಿಗೆ ಬಂದು ಪೇಟೆಯ ಕಟ್ಟೆಗೆ ಏರಿದ ಕ್ಷಣದಿಂದ ಅದು ನಗರಸಭೆಯ ವಿಷಯ. ಹಿಂದೆ ರಾಂಪಣಿ ಬಲೆಯನ್ನು ಇಡೀ ಕೇರಿಯೇ ಸೇರಿ ದಡಕ್ಕೆ ಎಳೆಯುತ್ತಿದ್ದ ಕಾಲದಲ್ಲಿ ಬಂಗಡೆ, ತಾರ್ಲೆ ಮೀನು ಮರಳಿನ ಮೇಲೆಯೇ ಪಾಲಾಗುತ್ತಿತ್ತು. 1970ರ ದಶಕದ ನಡುವಿನಿಂದ ಪರ್ಸೀನ್ ದೋಣಿಗಳು ಬಂದ ಮೇಲೆ ರಾಂಪಣಿ ಹಿಂದೆ ಸರಿಯಿತು, ಮೀನು ಬಂದರಿನ ಕಡೆಗೆ ಹೋಯಿತು. ತಲೆಹೊರೆಯಲ್ಲಿ ಮೀನು ತಂದು ಮಾರುವ ಹರಿಕಂತ್ರ, ಖಾರ್ವಿ ಮೊದಲಾದ ಸಮುದಾಯಗಳ ಹೆಂಗಸರಿಗೆ ಪೇಟೆಯ ಒಂದು ಮೊಳ ಜಾಗ ಇನ್ನೂ ಮುಖ್ಯವಾಯಿತು.

ಆದ್ದರಿಂದ ಪೇಟೆಯ ಕಟ್ಟಡ ಹಳೆಯದಾಯಿತು, ಕೆಡವಿ ಹೊಸದು ಕಟ್ಟೋಣ ಎಂಬ ಠರಾವು ಬಂದಾಗ ಆ ಹೆಂಗಸರು ಕೇಳುವ ಪ್ರಶ್ನೆಗಳು ವಾಸ್ತುಶಿಲ್ಪದವಲ್ಲ. ಕಟ್ಟಡ ಏಳುವವರೆಗೆ ಎಲ್ಲಿ ಕೂರಬೇಕು? ಮಹಡಿಯ ಮೇಲೆ ಜಾಗ ಕೊಟ್ಟರೆ ಗಿರಾಕಿ ಮೆಟ್ಟಿಲು ಹತ್ತುವನೆ? ಬೆಳಗಿನಿಂದ ಸಂಜೆಯವರೆಗೆ ಕೂರುವವರಿಗೆ ಶೌಚಾಲಯ ಎಲ್ಲಿ? ಮಂಜುಗಡ್ಡೆಯ ನೀರು ಹರಿಯುವ ಕಾಲುವೆ ಯಾವ ಕಡೆಗೆ ಇಳಿಜಾರು? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರವಿಲ್ಲದ ನಕ್ಷೆ ಎಷ್ಟೇ ಚೆಂದವಿದ್ದರೂ ಮೀನು ಮತ್ತೆ ರಸ್ತೆಯ ಬದಿಗೇ ಬರುತ್ತದೆ. ಕಡಲತೀರದ ಗಾಡಿ-ಗೂಡಂಗಡಿಗಳದೂ ಇದೇ ಕಥೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆ ಪ್ರಕಾರ ಪ್ರತಿ ಊರಿನಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಕನಿಷ್ಠ ಶೇ 40 ಮಂದಿ ವ್ಯಾಪಾರಿಗಳೇ ಆಗಿರಬೇಕು. ಗಣ್ಯರು ಬರುವ ಮುನ್ನಾದಿನ ಗಾಡಿಗಳನ್ನು ಎತ್ತಿಸುವುದು ಸುಲಭ. ಆ ಸಮಿತಿಯನ್ನು ಕೂರಿಸಿ ಜಾಗ ಗುರುತಿಸುವುದು ಕಷ್ಟ. ಆಡಳಿತವೆಂದರೆ ಈ ಎರಡನೆಯದು.

ಇನ್ನು ಕಡಲೂರಿನ ಅತ್ಯಂತ ವಿಚಿತ್ರವಾದ ಗಡಿಗೆ ಬರಬೇಕು. ಅದು ಉಬ್ಬರದ ಗೆರೆ. 1991ರ ಫೆಬ್ರವರಿ 19ರಂದು ಕೇಂದ್ರ ಸರ್ಕಾರ ಹೊರಡಿಸಿದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಉಬ್ಬರದ ಗೆರೆಯಿಂದ ನೆಲದ ಕಡೆಗೆ 500 ಮೀಟರ್‌ವರೆಗಿನ ಕಟ್ಟಡ ಚಟುವಟಿಕೆಗೆ ಕಟ್ಟುಪಾಡು ಹಾಕಿತು. 2011ರಲ್ಲಿ ಅದನ್ನು ಹೊಸದಾಗಿ ಬರೆಯಲಾಯಿತು, 2019ರ ಜನವರಿಯಲ್ಲಿ ಮತ್ತೊಮ್ಮೆ. ಈ ನಿಯಮಗಳಲ್ಲಿ ಊರಿನ ಪುರಸಭಾ ಗಡಿಗೆ ದೊಡ್ಡ ಬೆಲೆ ಇದೆ. ಪುರಸಭಾ ಗಡಿಯೊಳಗಿದ್ದು, ಬಹುಪಾಲು ಕಟ್ಟಡಗಳಾಗಿ, ರಸ್ತೆ-ಚರಂಡಿ ಇರುವ ಜಾಗ ಎರಡನೆಯ ವರ್ಗಕ್ಕೆ ಸೇರುತ್ತದೆ. ಅಲ್ಲಿ ಈಗಾಗಲೇ ಇರುವ ರಸ್ತೆಯ ಅಥವಾ ಅಧಿಕೃತ ಕಟ್ಟಡಗಳ ನೆಲದ ಬದಿಗೆ ಹೊಸ ಕಟ್ಟಡಕ್ಕೆ ಅವಕಾಶ ಉಂಟು. ಗಡಿಯ ಆಚೆಯ ಹಳ್ಳಿ ಮೂರನೆಯ ವರ್ಗ. ಅಲ್ಲಿ 1991ರ ನಿಯಮದಂತೆ 200 ಮೀಟರ್ ನಿಷೇಧ. 2019ರಲ್ಲಿ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿರುವ ಕಡೆ ಅದನ್ನು 50 ಮೀಟರಿಗೆ ಇಳಿಸಲು ದಾರಿ ಮಾಡಲಾಯಿತು. ಒಂದೇ ಮರಳು, ಒಂದೇ ಅಲೆ. ನಡುವೆ ಕಾಗದದ ಮೇಲಿನ ಒಂದು ಗೆರೆ. ಗೆರೆಯ ಈಚೆ ಒಂದು ಕಾನೂನು, ಆಚೆ ಇನ್ನೊಂದು.

ಇದರಲ್ಲಿ ಊರಿನ ಕಚೇರಿಯ ಪಾತ್ರವೇನು? 2019ರ ಅಧಿಸೂಚನೆಯಂತೆ ಸ್ವಂತ ವಾಸಕ್ಕೆ ಕಟ್ಟುವ 300 ಚದರ ಮೀಟರ್‌ವರೆಗಿನ ಮನೆಗೆ ರಾಜ್ಯದ ಕರಾವಳಿ ಪ್ರಾಧಿಕಾರದ ಶಿಫಾರಸು ಬೇಕಿಲ್ಲ. ಸ್ಥಳೀಯ ಸಂಸ್ಥೆಯೇ ನಿಯಮ ಪರಿಶೀಲಿಸಿ ಒಪ್ಪಿಗೆ ಕೊಡಬಹುದು. ಮೀನುಗಾರ ಕುಟುಂಬವೊಂದು ಹಂಚಿನ ಮನೆಗೆ ಇನ್ನೊಂದು ಕೋಣೆ ಸೇರಿಸಲು ವರ್ಷಗಟ್ಟಲೆ ಅಲೆಯುತ್ತಿದ್ದ ಕಷ್ಟಕ್ಕೆ ಇದು ನಿಜವಾದ ಪರಿಹಾರ. ಅದೇ ಬಾಗಿಲಿನಿಂದ 'ಸ್ವಂತ ಮನೆ' ಎಂಬ ಹೆಸರು ಹೊತ್ತ ವಸತಿಗೃಹವೂ ಒಳಬರಬಹುದು. ಮನೆ ಯಾವುದು, ವಸತಿಗೃಹ ಯಾವುದು ಎಂದು ಗುರುತಿಸಬೇಕಾದವರು ಆ ಓಣಿಯನ್ನು ಬಲ್ಲ ಸ್ಥಳೀಯ ಸಿಬ್ಬಂದಿ. ಅವರ ಒಂದು ಸಹಿ ಸಮುದ್ರಕ್ಕೂ ಊರಿಗೂ ನಡುವಿನ ಗೋಡೆ. ದೊಡ್ಡ ಅಧಿಕಾರ ದೊಡ್ಡ ಕಚೇರಿಯಲ್ಲಿಯೇ ಇರುತ್ತದೆಂಬ ಭಾವನೆ ಎಷ್ಟು ತಪ್ಪು ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಗೆರೆಯ ಆಚೆಗೆ ಮಾತ್ರ ಯಜಮಾನರು ಅನೇಕ. ಮರಳು ಕಂದಾಯ ಇಲಾಖೆಗೆ. ಗಾಳಿಮರದ ತೋಪು ಅರಣ್ಯ ಇಲಾಖೆಗೆ. ಉರುವಲಿಗೆಂದು ಈ ಮರವನ್ನು ಕಾರವಾರದ ದಂಡೆಯಲ್ಲಿ 1868ರ ಸುಮಾರಿಗೇ ನೆಡಲಾಯಿತು. ಊರಿಗೂ ಮರಳಿಗೂ ನಡುವೆ ಹಾದುಹೋಗುವ 66ನೆಯ ಹೆದ್ದಾರಿ ರಾಷ್ಟ್ರೀಯ ಪ್ರಾಧಿಕಾರಕ್ಕೆ. ದಕ್ಷಿಣದ ದಂಡೆಯ ದೊಡ್ಡ ಪಾಲು 2005ರಲ್ಲಿ ಕಾರ್ಯಾರಂಭ ಮಾಡಿದ ನೌಕಾನೆಲೆಗೆ. ಪ್ರವಾಸಿಗಳು ಪ್ರವಾಸೋದ್ಯಮ ಇಲಾಖೆಗೆ, ನೀರಿನ ಮೇಲಿನ ಭದ್ರತೆ ಕರಾವಳಿ ಕಾವಲು ಪೊಲೀಸರಿಗೆ. ಇಷ್ಟು ಮಂದಿ ಯಜಮಾನರಿರುವ ಮನೆಯಲ್ಲಿ ದೀಪ ಆರಿದರೆ ಎಣ್ಣೆ ಹಾಕುವವರು ಯಾರು ಎಂಬುದು ನಿಶ್ಚಯವಿರುವುದಿಲ್ಲ.

ಇದು ಕೇವಲ ಕಡತಗಳ ಜಗಳವಲ್ಲ, ಜೀವದ ಪ್ರಶ್ನೆ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲತೀರಕ್ಕೆ ಶಾಲಾ ಪ್ರವಾಸದಲ್ಲಿ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರಿನಲ್ಲಿ ಮುಳುಗಿ ತೀರಿಕೊಂಡರು. ಆಮೇಲೆ ಕಡಲಿಗಿಳಿಯುವುದನ್ನು ಕೆಲಕಾಲ ನಿಲ್ಲಿಸಲಾಯಿತು. ಈಜುವ ಜಾಗಕ್ಕೆ ಗುರುತು ಹಾಕುವುದು, ಜೀವರಕ್ಷಕರನ್ನು ನೇಮಿಸುವುದು, ಎಚ್ಚರಿಕೆಯ ಫಲಕ ನಿಲ್ಲಿಸುವುದು, ಸಂಜೆಯಾದ ಮೇಲೆ ಜನರನ್ನು ದಡಕ್ಕೆ ಕರೆಯುವುದು, ಇವೆಲ್ಲ ಹೆಚ್ಚು ಖರ್ಚಿನ ಕೆಲಸಗಳಲ್ಲ. ಹೊಣೆ ಯಾರದೆಂದು ಮೊದಲೇ ಬರೆದಿಟ್ಟಿರಬೇಕು, ಅಷ್ಟೆ. ಅದು ಸಾಧ್ಯವಿಲ್ಲದ ಮಾತೂ ಅಲ್ಲ. 2020ರ ಅಕ್ಟೋಬರಿನಲ್ಲಿ ಹೊನ್ನಾವರದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ ತೀರಗಳು, ದೇಶದ ಮೊದಲ ಎಂಟು ಕಡಲತೀರಗಳ ಸಾಲಿನಲ್ಲಿ, 'ಬ್ಲೂ ಫ್ಲ್ಯಾಗ್' ಮಾನ್ಯತೆ ಪಡೆದವು. ನೀರಿನ ಶುದ್ಧತೆಯಿಂದ ಜೀವರಕ್ಷಕರವರೆಗೆ 33 ನಿಬಂಧನೆಗಳನ್ನು ಪಾಲಿಸಿದರೆ ಮಾತ್ರ ಸಿಗುವ ಬಾವುಟ ಅದು. ಅಳತೆಗೋಲೂ ಹೊಣೆಗಾರರೂ ನಿಶ್ಚಯವಾದರೆ ಕೆಲಸ ಆಗುತ್ತದೆ ಎಂದಾಯಿತು. ಪ್ರಶ್ನೆ ಉಳಿದ ನೂರಾರು ಮೈಲಿ ದಂಡೆಯದು.

ಇಲ್ಲಿ ಪುರಸಭೆಯಿಲ್ಲದ ಕಡಲೂರುಗಳನ್ನೂ ನೆನೆಯಬೇಕು. ಗೋಕರ್ಣ ದೇಶವಿದೇಶದ ಯಾತ್ರಿಕರಿಗೂ ಪ್ರವಾಸಿಗಳಿಗೂ ಗೊತ್ತು. ಆಡಳಿತದ ಲೆಕ್ಕದಲ್ಲಿ ಅದು ಬಹುಕಾಲ ಕುಮಟಾ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯಾಗಿಯೇ ನಡೆದುಬಂತು. ಹಳ್ಳಿಯ ಸಿಬ್ಬಂದಿ, ಹಳ್ಳಿಯ ಅನುದಾನ, ಪಟ್ಟಣದ ಕಸ. ಹಾಗೆಂದು ಪಂಚಾಯಿತಿಯನ್ನು ಪಟ್ಟಣವೆಂದು ಘೋಷಿಸಿಬಿಟ್ಟರೆ ಎಲ್ಲ ಸರಿಯಾಗುವುದೂ ಇಲ್ಲ. ಹಾಗೆ ಘೋಷಿಸಿದ ಕೂಡಲೇ ತೆರಿಗೆ ಏರುತ್ತದೆ, ಹಳ್ಳಿಗರಿಗೆ ಉದ್ಯೋಗ ಖಾತರಿಯ ಕೂಲಿ ತಪ್ಪುತ್ತದೆ, ಕಡಲ ನಿಯಮದ ವರ್ಗವನ್ನು ಬದಲಿಸಿಕೊಳ್ಳುವ ಆಸೆಯೂ ಜಮೀನು ಕೊಂಡವರಲ್ಲಿ ಹುಟ್ಟುತ್ತದೆ. ಹೆಸರು ಬದಲಾಗುವ ಮೊದಲು ಯಾರಿಗೆ ಏನು ಸಿಗುತ್ತದೆ, ಯಾರಿಂದ ಏನು ಹೋಗುತ್ತದೆ ಎಂಬ ಲೆಕ್ಕ ಊರಿನ ಮುಂದೆ ಬರಬೇಕು.

ಇಷ್ಟೆಲ್ಲ ಹೊಣೆಯ ಸಭೆ ಇಲ್ಲದೇ ಹೋದರೆ ಏನಾಗುತ್ತದೆ? ಇದು ಊಹೆಯ ಪ್ರಶ್ನೆಯಲ್ಲ. 2018ರ ಆಗಸ್ಟ್ ಕೊನೆಯಲ್ಲಿ ರಾಜ್ಯದ ನೂರಕ್ಕೂ ಹೆಚ್ಚು ಪಟ್ಟಣಗಳಲ್ಲಿ ಚುನಾವಣೆ ನಡೆಯಿತು. ಸದಸ್ಯರು ಗೆದ್ದರು, ಹಾರ ಹಾಕಿಸಿಕೊಂಡರು. ಅಧ್ಯಕ್ಷ-ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ ಬಹಳಷ್ಟು ಕಡೆ ಅಧ್ಯಕ್ಷರ ಆಯ್ಕೆ ನಡೆದದ್ದು 2020ರ ಕೊನೆಯ ಹೊತ್ತಿಗೆ. ಅವರ ಮೂವತ್ತು ತಿಂಗಳ ಅವಧಿ 2023ರಲ್ಲಿ ಮುಗಿದ ಮೇಲೆ ಮತ್ತೆ ಅದೇ ಕಾರಣಕ್ಕೆ ಕುರ್ಚಿ ಖಾಲಿಯಾಗಿ, ಎರಡನೆಯ ಅವಧಿಯ ಆಯ್ಕೆ 2024ರ ಮಳೆಗಾಲದವರೆಗೆ ಕಾಯಿತು. ಈ ಮಧ್ಯಂತರಗಳಲ್ಲಿ ಆಡಳಿತಾಧಿಕಾರಿಗಳೇ ಊರನ್ನು ನಡೆಸಿದರು.

ದೀಪ ಆರಲಿಲ್ಲ, ನೀರೂ ಬಂತು, ಕಸವನ್ನೂ ಎತ್ತಲಾಯಿತು. ಹಾಗಾದರೆ ನಷ್ಟವೇನು ಎಂದು ಯಾರಾದರೂ ಕೇಳಬಹುದು. ನಷ್ಟವಾದದ್ದು ಪ್ರಶ್ನೆ. ಮೀನುಪೇಟೆಯ ಹೆಂಗಸು ತನ್ನ ವಾರ್ಡಿನ ಸದಸ್ಯೆಯ ಬಾಗಿಲು ತಟ್ಟಬಹುದು, ಆ ಸದಸ್ಯೆ ಸಭೆಯಲ್ಲಿ ಎದ್ದು ನಿಂತು ಕೇಳಬಹುದು, ಕೇಳಿದ್ದೂ ಉತ್ತರಿಸಿದ್ದೂ ನಡವಳಿಯಲ್ಲಿ ದಾಖಲಾಗಬಹುದು. ಆಡಳಿತಾಧಿಕಾರಿ ಎಷ್ಟೇ ದಕ್ಷರಾಗಿದ್ದರೂ ಅವರು ತಮ್ಮನ್ನು ತಾವೇ ಪ್ರಶ್ನಿಸಿ ತಾವೇ ಉತ್ತರ ಬರೆಯಲಾರರು. ಕೆಲಸ ಆಗುವುದು ಬೇರೆ, ಆ ಕೆಲಸಕ್ಕೆ ಯಾರಾದರೂ ಉತ್ತರ ಹೇಳಬೇಕಾಗಿರುವುದು ಬೇರೆ. ಸ್ಥಳೀಯ ಸ್ವರಾಜ್ಯವೆಂಬ ಮಾತಿನ ತಿರುಳು ಈ ಎರಡನೆಯದರಲ್ಲಿದೆ. ಊರಿನ ಸದಸ್ಯರೆಲ್ಲ ಸತ್ಯಸಂಧರೆಂದು ಇದರ ಅರ್ಥವಲ್ಲ. ಗುತ್ತಿಗೆಯ ಮೇಲಿನ ಆಸೆ, ಜಾತಿಯ ಲೆಕ್ಕ, ಪಕ್ಷಾಂತರ ಎಲ್ಲವೂ ಆ ಪುಟ್ಟ ಸಭಾಂಗಣದಲ್ಲೂ ಉಂಟು. ಆದರೆ ಅಲ್ಲಿನ ತಪ್ಪು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿರುತ್ತದೆ. ತಪ್ಪು ಮಾಡಿದವರು ನಾಳೆ ಅದೇ ಮೀನುಪೇಟೆಗೆ ಬಂಗಡೆ ಕೊಳ್ಳಲು ಬರಬೇಕಾಗುತ್ತದೆ.

ಹೀಗಾಗಿ ಕಡಲೂರನ್ನು ಪ್ರೀತಿಸುವವರು ಸೂರ್ಯಾಸ್ತ ನೋಡುವುದರ ಜೊತೆಗೆ ಇನ್ನೂ ಒಂದು ಕೆಲಸ ಮಾಡಬಹುದು. ಮುಂದಿನ ಸಾಮಾನ್ಯ ಸಭೆಯ ವಿಷಯಪಟ್ಟಿ ಏನೆಂದು ವಿಚಾರಿಸಬಹುದು. 2005ರ ಮಾಹಿತಿ ಹಕ್ಕು ಕಾಯಿದೆಯ ಬಲದಿಂದ ಹಿಂದಿನ ಸಭೆಗಳ ನಡವಳಿಯ ನಕಲು ಪಡೆದು ಓದಬಹುದು. ಹೂಳೆತ್ತುವ ಗುತ್ತಿಗೆ ಮೇ ತಿಂಗಳಲ್ಲಿ ಕೊಡಲಾಗಿತ್ತೋ, ಮಳೆ ಬಂದ ಮೇಲೆ ಜುಲೈಯಲ್ಲಿ ಕೊಡಲಾಯಿತೋ ಎಂಬ ಒಂದು ತಾರೀಖು ಊರಿನ ಆರೋಗ್ಯದ ಬಗ್ಗೆ ಹತ್ತು ಭಾಷಣಗಳಿಗಿಂತ ಹೆಚ್ಚು ಹೇಳುತ್ತದೆ.

ಸಮುದ್ರ ಯಾವ ನಗರಸಭೆಯ ಗಡಿಯೊಳಗೂ ಇಲ್ಲ. ಊರಿನ ತಪ್ಪುಗಳೆಲ್ಲ ಕೊನೆಗೆ ಗಟಾರದ ಮೂಲಕ ಅಲ್ಲಿಗೇ ಹೋಗಿ ಸೇರುತ್ತವೆ, ಮುಂದಿನ ಉಬ್ಬರದಲ್ಲಿ ಅವುಗಳಲ್ಲಿ ಕೆಲವು ಮರಳಿ ದಡಕ್ಕೆ ಬರುತ್ತವೆ. ನಾಳೆ ಬೆಳಗಿನ ಐದು ಗಂಟೆಗೆ ಅವನ್ನು ಎತ್ತಲು ಮತ್ತೆ ಅದೇ ಪೌರಕಾರ್ಮಿಕರು ಬುಟ್ಟಿ ಹಿಡಿದು ಬರುತ್ತಾರೆ. ಅವರ ಬುಟ್ಟಿಯ ಭಾರವನ್ನು ಒಂದಿಷ್ಟಾದರೂ ಇಳಿಸುವ ಮಾತು ಆಡಬೇಕಾದದ್ದು ತಿಂಗಳಿಗೊಮ್ಮೆ ಸೇರುವ ಆ ಸಭೆಯಲ್ಲಿ. ಆ ಮಾತು ನಡವಳಿ ಪುಸ್ತಕದಲ್ಲಿ ಬರೆಯಲ್ಪಟ್ಟಿದೆಯೇ ಎಂದು ನೋಡಬೇಕಾದವರು ಊರಿನವರು.